ಬೆರಳಿಗೆ ಕಟ್ಟಿದ ಕಸಿ

ಅಪ್ಪನಿಗೆ ನಾವು ಕಸಿ ಕಟ್ಟುವ ಚಾಕು ಕೊಟ್ಟದ್ದು ಯಾವ ವರ್ಷ ಎಂಬುದರಲ್ಲಿ ನನಗೂ ಅಕ್ಕನಿಗೂ ಇಂದಿಗೂ ಒಮ್ಮತವಿಲ್ಲ. ತನ್ನ ಮದುವೆಯಾದ ಮೇಲೆ, ಮೊದಲ ಬೇಸಿಗೆಯಲ್ಲಿ ತವರಿಗೆ ಬಂದಾಗ ಎಂದು ಅಕ್ಕ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಚಾಕು ಬಂದದ್ದು ಊಟಿಯ ಒಂದು ಬಂಗಲೆಯ ಹರಾಜಿನಿಂದ. ಅಂಥ ಹರಾಜುಗಳು ನಡೆಯುತ್ತಿದ್ದುದು ಬೇಸಿಗೆಯ ಸೀಸನ್ ಮುಗಿದು ದೊರೆಗಳ ಕುಟುಂಬಗಳು ಬೆಟ್ಟ ಇಳಿಯುವ ಹೊತ್ತಿಗೆ. ಅಕ್ಕನ ಮದುವೆಯಾದದ್ದು ಮಾಘದಲ್ಲಿ. ಅದರ ಮುಂದಿನ ಬೇಸಿಗೆಯಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅವಳು ಮೈಸೂರು ಬಿಟ್ಟು ಕದಲಲಿಲ್ಲ. ಇದನ್ನು ಅವಳೂ ಅಲ್ಲಗಳೆಯುವುದಿಲ್ಲ. ಆದ್ದರಿಂದ ಅದು ಮದುವೆಗೆ ಹಿಂದಿನ ಬೇಸಿಗೆಯೇ ಇರಬೇಕು, ಮೂವತ್ತರ ದಶಕದ ಆರಂಭದ ಯಾವುದೋ ವರ್ಷ. ಇಸವಿಯನ್ನು ಇದಕ್ಕಿಂತ ಖಚಿತವಾಗಿ ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ಆ ಮಳೆಗಾಲದ ಮೊದಲ ವಾರಗಳನ್ನು ನಮ್ಮ ಮನೆಯ ಮೂವರು ಹೆಂಗಸರು ಒಬ್ಬ ಗಂಡಸಿನ ದವಡೆಯನ್ನು ನೋಡುತ್ತ ಕಳೆದೆವು ಎಂಬುದಕ್ಕೆ ನನಗೆ ಬೇರೆ ಆಧಾರ ಬೇಕಿಲ್ಲ.

ಅಪ್ಪ ಮೈಸೂರು ಸೀಮೆಯಿಂದ ಬಂದು ಊಟಿಯ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿ ಅವರ ಜೀವನೋಪಾಯ. ಮನೆಯ ಹಿಂದೆ, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ್ದ ಗುಲಾಬಿ ತೋಟ ಅವರ ಜೀವ. ಬಂಗಲೆಗಳ ಮಾಲಿಗಳಿಗೆ ಹೊಗೆಸೊಪ್ಪು ಕೊಟ್ಟು ಒಳ್ಳೆಯ ಜಾತಿಯ ಕಡ್ಡಿಗಳನ್ನು ತರುತ್ತಿದ್ದರು. ಅವುಗಳ ಎಲೆಬುಡದ ಚಿಗುರು ಮೊಗ್ಗನ್ನು ಬೇಲಿಯ ಕಾಡು ಗುಲಾಬಿಯ ಕಾಂಡಕ್ಕೆ ಕೂಡಿಸಿ, ಸೇರಿಕೆಯ ಸುತ್ತ ಸಗಣಿ ಮತ್ತು ಕೆಂಪು ಮಣ್ಣು ಕಲಸಿದ ಮುದ್ದೆ ಮೆತ್ತಿ, ಬಾಳೆನಾರಿನಿಂದ ಬಿಗಿಯುತ್ತಿದ್ದರು. ನಾರು ನಮ್ಮ ಅಂಗಡಿಗೆ ವೀಳ್ಯದೆಲೆಯ ಕಟ್ಟುಗಳೊಂದಿಗೆ ಬಯಲು ಸೀಮೆಯಿಂದ ಬರುತ್ತಿತ್ತು. ಎರಡೂ ಕೈಗೆ ಕೆಲಸವಿರುತ್ತಿದ್ದುದರಿಂದ ಅದರ ಒಂದು ತುದಿಯನ್ನು ಅವರು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಇಷ್ಟು ನಾಜೂಕಿನ ಕೆಲಸಕ್ಕೆ ಅವರಲ್ಲಿದ್ದ ಆಯುಧವೋ, ಅಂಗಡಿಯಲ್ಲಿ ಬೆಲ್ಲ ಕೆತ್ತುವ ಕತ್ತಿ. ಹತ್ತು ಮೊಗ್ಗು ಇಟ್ಟರೆ ಏಳೆಂಟು ಸೀಳಿಹೋಗಿ ಹಾಳಾಗುತ್ತಿದ್ದವು.

ಅಕ್ಕನ ಮದುವೆ ನಿಶ್ಚಯವಾಗಿತ್ತು. ಮನೆ ಬಿಡುವ ಮೊದಲು ಅಪ್ಪನಿಗೆ ಏನಾದರೂ ಕೊಡಬೇಕು ಎಂಬ ಹಂಬಲ ಅವಳದು. ಏನು ಎಂಬ ಚರ್ಚೆ ನಮ್ಮಿಬ್ಬರದು. ನಾನು ಶಾಲೆಯ ಕೊನೆಯ ತರಗತಿಗಳಲ್ಲಿದ್ದೆ. ಶಾಲು ಕೊಟ್ಟರೆ ಅದನ್ನು ಗಿಡಗಳಿಗೆ ಹೊದಿಸುತ್ತಾರೆ ಎಂದಳು ಅಕ್ಕ. ಇಬ್ಬನಿ ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಅಮ್ಮನ ಹಳೆಯ ಸೀರೆಗಳು ಎಲ್ಲಿಗೆ ಹೋಗುತ್ತಿದ್ದವೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಮೂತಿಗೆ ಜರಡಿಯಿದ್ದ ನೀರಿನ ಡಬ್ಬಿಯೊಂದನ್ನು ನಾನು ಸೂಚಿಸಿದೆ. ಈ ಊರಲ್ಲಿ ನೀರು ಹಾಕಲು ಆಕಾಶವಿದೆಯಲ್ಲ ಎಂದು ಅವಳು ನಕ್ಕಳು. ಕೊನೆಗೆ ಹರಾಜಿನ ದಿನ ಬಂಗಲೆಯ ಹುಲ್ಲುಹಾಸಿನ ಮೇಲೆ, ಹಾಸಿಗೆ, ಪಿಂಗಾಣಿ, ಟೋಪಿಪೆಟ್ಟಿಗೆಗಳ ನಡುವೆ, ಒಂದು ಮರದ ತಟ್ಟೆಯಲ್ಲಿ ಅದು ಕಂಡಿತು: ಮೂಳೆಯ ಹಿಡಿ, ತೆಳ್ಳನೆಯ ಅಲಗು, ತೊಗಟೆ ಎಬ್ಬಿಸಲು ಹಿಡಿಯ ತುದಿಯಲ್ಲಿ ಚಪ್ಪಟೆಯಾದ ನಾಲಗೆ. ಅಲಗು ಹಿಡಿಗೆ ಸೇರುವಲ್ಲಿ ಒಂದು ಕಂದು ಕಲೆಯಿತ್ತು. ಅಕ್ಕ ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ.

ಅಮ್ಮನಿಗೆ ಅದು ಕಂಡ ಕೂಡಲೇ ಸೇರಲಿಲ್ಲ. "ಉಡುಗೊರೆ ಅಂತ ಯಾರಾದರೂ ಚಾಕು ಕೊಡ್ತಾರೇನ್ರೇ? ನಿಮಗೆ ಬೇರೇನೂ ತೋಚಲಿಲ್ವಾ? ಕೈಯಿಂದ ಕೈಗೆ ಕೊಡಬೇಡ ಕಣೇ, ನೆಲದ ಮೇಲಿಡು, ಅವರೇ ತಗೊಳ್ಳಲಿ."

ಅಪ್ಪ ಕಾಯಲಿಲ್ಲ. ಅಕ್ಕನ ಕೈಯಿಂದಲೇ ಕಿತ್ತುಕೊಂಡರು. "ಜಗಳ ಬಂದರೆ ಬರಲಿ ಬಿಡೇ. ನನ್ನ ಜೊತೆ ಜಗಳ ಆಡೋಕೆ ಇನ್ನೆಷ್ಟು ದಿನ ಇರ್ತಾಳೆ ಇವಳು?"

ಅಂದೇ ಸಂಜೆ ಅವರು ತೋಟಕ್ಕಿಳಿದರು. ಒಳಗೆ ಬಂದಾಗ ಎಡಗೈಯ ಹೆಬ್ಬೆರಳಿಗೆ ಸಗಣಿ ಮಣ್ಣಿನ ಮುದ್ದೆ, ಅದರ ಮೇಲೆ ಅಚ್ಚುಕಟ್ಟಾಗಿ ಸುತ್ತಿದ ಬಾಳೆನಾರು. ಹೊಸ ಅಲಗಿನ ಹರಿತ ಅವರ ಅಂದಾಜಿಗೆ ಸಿಕ್ಕಿರಲಿಲ್ಲ. "ಬೆರಳಿಗೂ ಒಂದು ಕಸಿ ಕಟ್ಟಿದ್ದೀನಿ. ಆಷಾಢಕ್ಕೆ ಹೂ ಬಿಡುತ್ತೆ, ನೋಡ್ತಿರಿ" ಎಂದರು. ನಾವು ನಕ್ಕೆವು. ಅಮ್ಮ ಬಿಚ್ಚಿ ತೊಳೆಯುತ್ತೇನೆಂದು ಬಂದರೆ ಕೈ ಹಿಂದೆಳೆದುಕೊಂಡರು. ಕೊಯ್ದ ಜಾಗಕ್ಕೆ ಗಾಳಿ ಸೋಕಬಾರದು, ಕೂಡುವ ತನಕ ಕಟ್ಟು ಬಿಚ್ಚಬಾರದು: ಗಿಡಕ್ಕೆ ಅವರು ಎಂದೂ ತಪ್ಪದೆ ಪಾಲಿಸುತ್ತಿದ್ದ ನಿಯಮವಿದು. ತಮ್ಮ ಕೈಗೆ ಬೇರೆ ನಿಯಮ ಏಕೆ ಬೇಕು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಕೆಲವು ದಿನಗಳಲ್ಲಿ ಬೆರಳು ಊದಿತು. ಮೊಗ್ಗು ಊದಿದರೆ ಕಸಿ ಹಿಡಿದಂತೆ ಎಂದು ಅದನ್ನೂ ಅವರು ತಮಾಷೆ ಮಾಡಿ ತಳ್ಳಿಹಾಕಿದರು.

ನಮ್ಮ ನಗು ನಿಲ್ಲಿಸಿದವರು ತೋಟಕ್ಕೆ ಸಗಣಿ ತಂದುಕೊಡುತ್ತಿದ್ದ, ಬೆಟ್ಟದ ಬಡಗ ಜನಾಂಗದ ರೈತ. ವಯಸ್ಸಾದವರು, ಪಕ್ಕದ ಹಟ್ಟಿಯವರು. ಬುಟ್ಟಿ ಇಳಿಸಿ ಅಪ್ಪನ ಬೆರಳನ್ನೇ ನೋಡಿದರು.

"ಇದೇನು ಅಯ್ಯಾ?"

"ಕಸಿ" ಎಂದರು ಅಪ್ಪ.

ಮುದುಕರು ನಗಲಿಲ್ಲ. ಅಮ್ಮನ ಕಡೆ ತಿರುಗಿದರು. "ಅಮ್ಮಾ, ಕಳೆದ ಸಲ ತಂದ ಬುಟ್ಟಿಗೆ ಕುದುರೆ ಲಾಯದ ಗೊಬ್ಬರವೂ ಸೇರಿತ್ತು. ಆ ಲಾಯದಲ್ಲಿ ಒಬ್ಬ ಆಳಿದ್ದ. ಕಾಲಿಗೆ ಮೊಳೆ ಹೊಕ್ಕಿತು, ಅಷ್ಟೇ. ಗಾಯ ಆರಿತು ಅಂತಲೇ ಅಂದುಕೊಂಡ. ಆಮೇಲೆ ಹಲ್ಲು ಕಚ್ಚಿದ್ದು ಬಿಡಲೇ ಇಲ್ಲ. ಬಾಯಿಗೆ ನೀರು ಹೋಗಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿತು."

ಧನುರ್ವಾಯು ಎಂಬ ಮಾತನ್ನು ಯಾರೂ ಆಡಲಿಲ್ಲ. ಅಮ್ಮನ ಮುಖ ನೋಡಿದ ಮೇಲೆ ಅದರ ಅಗತ್ಯವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನಾರು ಕತ್ತರಿಸಿ ಮುದ್ದೆ ತೆಗೆದರು. ಒಳಗಿನಿಂದ ಬಂದ ವಾಸನೆಗೆ ಅಕ್ಕ ಹೊರಗೆ ಓಡಿದಳು. ಗಾಯ ತೊಳೆದು, ಕೊಳೆತ ಭಾಗ ಕತ್ತರಿಸಿ, ತೋಳಿಗೆ ಸೂಜಿಮದ್ದು ಚುಚ್ಚಿದರು. "ಇದನ್ನು ಮೊದಲ ದಿನವೇ ಕೊಡಬೇಕಿತ್ತು. ಬಾಯಿ ತೆರೆಯೋಕೆ, ನುಂಗೋಕೆ ಸ್ವಲ್ಪ ಕಷ್ಟ ಅನ್ನಿಸಿದರೂ ಕೂಡಲೇ ಕರ್ಕೊಂಡು ಬನ್ನಿ" ಎಂದರು. ಎಷ್ಟು ದಿನ ನೋಡಬೇಕು ಎಂದು ಅಮ್ಮ ಕೇಳಿದಳು. ಕೆಲವರಲ್ಲಿ ಬೇಗ ಕಾಣಿಸುತ್ತದೆ, ಕೆಲವರಲ್ಲಿ ವಾರಗಳ ಮೇಲೆ, ಹೇಳಲಾಗದು ಎಂದರು.

ಭಯಕ್ಕೊಂದು ಗಡುವಿದ್ದರೆ ಅದನ್ನು ಹೇಗೋ ದಾಟಬಹುದು. ನಮಗೆ ಅದನ್ನು ಯಾರೂ ಕೊಡಲಿಲ್ಲ. ಅಪ್ಪ ಮಾತಾಡಿದರೆ ನಾವು ಮಾತನ್ನು ಕೇಳುತ್ತಿರಲಿಲ್ಲ. ಬಾಯಿ ಎಷ್ಟು ಅಗಲವಾಗಿ ತೆರೆಯಿತೆಂದು ನೋಡುತ್ತಿದ್ದೆವು. ಅಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಎಣ್ಣೆ ಬಾಣಲೆ ಇಟ್ಟು ಚಕ್ಕುಲಿ, ಕೋಡುಬಳೆ ಕರಿದಳು, ಗಟ್ಟಿಯಾಗಿ, ಕಲ್ಲಿನ ಹಾಗೆ. ತಟ್ಟೆಯನ್ನು ಅವರ ಮುಂದಿಟ್ಟು ಎದುರಿಗೇ ಕೂರುತ್ತಿದ್ದಳು.

"ಏನೇ ಇದು, ಮನೇಲಿ ಗೋಕುಲಾಷ್ಟಮಿಯೇನೇ?"

"ಸುಮ್ಮನೆ ತಿನ್ನಿ. ಮುರಿದು ತಿನ್ನಬೇಡಿ, ಕಚ್ಚಿ ತಿನ್ನಿ."

"ಧನುರ್ವಾಯು ಬರೋ ಮೊದಲೇ ನಿನ್ನ ಚಕ್ಕುಲಿ ನನ್ನ ಹಲ್ಲು ಉದುರಿಸುತ್ತೆ."

ಆ ಹೆಸರನ್ನು ಮನೆಯಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ಅವರೇ. ಅಮ್ಮ ಎದ್ದು ಒಳಗೆ ಹೋದಳು. ಅಪ್ಪ ನಮ್ಮಿಬ್ಬರ ಮುಖ ನೋಡಿ, ಇಡೀ ಚಕ್ಕುಲಿಯನ್ನು ಸಶಬ್ದವಾಗಿ ಕಡಿದು ತಿಂದರು. ಅವರಿಗೂ ಭಯವಿತ್ತೆಂದು ಆಗ ತಿಳಿಯಿತು. ಅದು ತಿಳಿಯದಿದ್ದರೇ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಅವರು ಕುರ್ಚಿಯಲ್ಲಿ ಕೂತು ದೊಡ್ಡದಾಗಿ ಆಕಳಿಸಿದರು. ಅಕ್ಕ ಅಡುಗೆಮನೆಗೆ ಓಡಿಹೋಗಿ ಅದನ್ನು ಅಮ್ಮನಿಗೆ ವರದಿ ಮಾಡಿದಳು. ಚಾಕನ್ನು ಅಮ್ಮ ಆಗಲೇ ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದಳು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಿತ್ತಿಲ ಬಾಗಿಲಿನಿಂದ ಮೊದಲ ಮೆಟ್ಟಿಲಿನ ಗಿಡಗಳೂ ಕಾಣುತ್ತಿರಲಿಲ್ಲ. ಅಪ್ಪ ಮನೆಯೊಳಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕರೆದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದಾಗ ಮಂಜಿನೊಳಗಿನಿಂದ, ಬಾಯಿ ಮುಚ್ಚಿಕೊಂಡೇ ನರಳಿದಂತೆ, "ಊಂ" ಎಂಬ ಒಂದು ಸದ್ದು ಬಂತು. ನಾವು ಬರಿಗಾಲಲ್ಲಿ ಕೆಸರಿನಲ್ಲಿ ಇಳಿದೆವು. ಮೂರನೆಯ ಮೆಟ್ಟಿಲಿನಲ್ಲಿ ಅಪ್ಪ ಮಂಡಿಯೂರಿ ಕೂತಿದ್ದರು. ಕತ್ತಿನ ನರ ಬಿಗಿದಿತ್ತು. ನಮ್ಮ ಕಡೆ ತಿರುಗಿದಾಗ ಕಂಡದ್ದು ಕಚ್ಚಿ ಹಿಡಿದ ಹಲ್ಲುಗಳು.

"ಹೋಯ್ತು ಕಣೇ, ಹಲ್ಲು ಕಚ್ಕೊಂಡುಬಿಟ್ರು!" ಎಂದು ಅಮ್ಮ ಕೂಗಿದ್ದು ಪಕ್ಕದ ಹಟ್ಟಿಯವರೆಗೂ ಕೇಳಿಸಿತಂತೆ. ಅವಳು ಅವರ ಎರಡೂ ಕೆನ್ನೆ ಹಿಡಿದು ಬಾಯಿ ಬಿಡಿಸಲು ಹೋದಳು. ಆಗ ಅಪ್ಪನ ತುಟಿಯ ಸಂದಿನಿಂದ ಒದ್ದೆ ಬಾಳೆನಾರಿನ ತುದಿ ಕೆಳಗೆ ಬಿತ್ತು.

"ಬಿಗಿ ಸಡಿಲಾಯ್ತಲ್ಲೇ" ಎಂದರು ಅಪ್ಪ.

ಅವರ ಬಲಗೈಯಲ್ಲಿ ಮೂಳೆಹಿಡಿಯ ಚಾಕು ಇತ್ತು. ಅಕ್ಕಿ ಡಬ್ಬದ ತಳದ ಗುಟ್ಟು ಅವರಿಗೆ ತಿಳಿದು ಎಷ್ಟು ದಿನವಾಗಿತ್ತೋ. ಅಮ್ಮ ಕೆಸರಿನಲ್ಲೇ ಕೂತು ಅತ್ತಳು, ಬೈದಳು, ಮತ್ತೆ ಅತ್ತಳು. ಅಪ್ಪ ತಪ್ಪಿತಸ್ಥರಂತೆ ಸುಮ್ಮನಿದ್ದರು; ಆ ಮೌನವೇ ಅವಳನ್ನು ಮತ್ತೆ ಹೆದರಿಸಿತು. "ಏನಾದರೂ ಮಾತಾಡ್ರೀ!" ಎಂದು ಗದರಿದಳು. ಬಿದ್ದಿದ್ದ ನಾರನ್ನು ಎತ್ತಿ, ಸೆರಗಿಗೆ ಒರೆಸಿ, ಅದರ ತುದಿಯನ್ನು ತಾನೇ ಬಿಗಿಯಾಗಿ ಹಿಡಿದು, "ಹೂಂ, ಕಟ್ಟಿ" ಎಂದಳು.

ರೋಗ ಬರಲಿಲ್ಲ. ಬೆರಳು ಸೊಟ್ಟಗಾಗಿಯೇ ಉಳಿಯಿತು. ರೋಗ ಇನ್ನು ಬರುವುದಿಲ್ಲವೆಂದು ನಾವು ನಿರ್ಧರಿಸಿದ್ದು ಯಾವ ದಿನ ಎಂದು ಈಚೆಗೆ ಅಕ್ಕನನ್ನು ಕೇಳಿದೆ. ಅಂಥ ದಿನ ಬರಲೇ ಇಲ್ಲ ಎಂದಳು. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ನೆನಪು ತಾಳೆಯಾಗುತ್ತದೆ. ಅಂದಿನಿಂದ ಅಪ್ಪ ಕಸಿ ಕಟ್ಟುವಾಗಲೆಲ್ಲ ನಾರಿನ ತುದಿ ಅಮ್ಮನ ಕೈಯಲ್ಲಿರುತ್ತಿತ್ತು. ಅವರ ಬಾಯಿ ಬಿಡುವಾಗಿರಬೇಕು, ಮಾತಾಡುತ್ತಲೇ ಇರಬೇಕು ಎಂಬುದು ಅವಳ ಕಟ್ಟಳೆ. ಅಪ್ಪ ಗಿರಾಕಿಗಳ ಸುದ್ದಿ, ಮಳೆಯ ಸುದ್ದಿ, ಅಕ್ಕನ ಮಾವನವರ ಸುದ್ದಿ ಹೇಳುತ್ತ ಮೊಗ್ಗು ಕೂಡಿಸುತ್ತಿದ್ದರು. ನಡುವೆ, ತೊಗಟೆ ಎಬ್ಬಿಸುವ ಸೂಕ್ಷ್ಮದಲ್ಲಿ, ಒಂದು ಗಳಿಗೆ ಮಾತು ನಿಂತರೆ ಅಮ್ಮ ನಾರನ್ನು ಮೆಲ್ಲಗೆ ಜಗ್ಗುತ್ತಿದ್ದಳು.

"ಇದ್ದೀನಿ ಕಣೇ" ಎನ್ನುತ್ತಿದ್ದರು ಅಪ್ಪ.