ಹಳದಿಯಾದ ಎಲೆ

ಆರೈಕೆಯೇ ಬೇಡದ ಗಿಡ ಎಂದು ಹೇಳಿಯೇ ನರ್ಸರಿಯವನು ನನಗೆ ಆ ಸ್ನೇಕ್ ಪ್ಲಾಂಟ್ ಮಾರಿದ್ದ. ಯಾವಾಗಲೋ ಒಮ್ಮೆ ಒಂದು ಲೋಟ ನೀರು, ಅಷ್ಟೇ. ಮರೆಗುಳಿಯಾದ ನನಗೆ ಹೇಳಿ ಮಾಡಿಸಿದಂತಿತ್ತು. ಬಾಗಲಕೋಟೆಯ ನವನಗರದಲ್ಲಿ, ಅಂಗಳವಿಲ್ಲದ ನಮ್ಮ ಮಹಡಿ ಮನೆಯ ಮೂಲೆಯಲ್ಲಿ, ಅದು ನನ್ನ ಹಂಗಿಲ್ಲದೆ ಕಡುಹಸಿರಾಗಿ ನಿಂತಿತ್ತು. ಅತ್ತೆ ಬರುವವರೆಗೆ.

ಅತ್ತೆಯನ್ನು ಹುನಗುಂದದಿಂದ ಕರೆತಂದವಳು ನಾನೇ. ಕಣ್ಣಿನ ಪೊರೆ ತೆಗೆಸಲು ಅವರು ಸುತರಾಂ ಒಪ್ಪಿರಲಿಲ್ಲ. ಅವರ ಅಕ್ಕನಿಗೆ ಆಪರೇಶನ್ ಆದ ಮೇಲೇ ಕಣ್ಣು ಹೋಗಿತ್ತಂತೆ. "ಏನೂ ಆಗಂಗಿಲ್ರಿ, ನಾ ಅದೀನಲ್ರಿ" ಎಂದು ದೊಡ್ಡ ಮಾತಾಡಿ ಒಪ್ಪಿಸಿದ್ದೆ. ಪಟ್ಟಿ ಬಿಚ್ಚಿದ ದಿನ ಅವರನ್ನು ಆ ಗಿಡದ ಮುಂದೆ ಕೂಡಿಸಿ, "ದಿನಾ ಹಸರ ನೋಡ್ರಿ, ಕಣ್ಣಿಗೆ ಛಲೋ" ಎಂದೂ ಹೇಳಿದೆ.

ಅತ್ತೆ ನೋಡುವುದರಲ್ಲೇ ನಿಲ್ಲಲಿಲ್ಲ. ಲಿಂಗಪೂಜೆಯ ನೀರು ಯಾರ ಕಾಲಿಗೂ ಸಿಗಬಾರದು, ಗಿಡದ ಬುಡಕ್ಕೇ ಹೋಗಬೇಕು. ಊರ ಮನೆಯಲ್ಲಿ ಅದಕ್ಕೆ ಬಿಲ್ವದ ಗಿಡವಿತ್ತು, ಇಲ್ಲಿ ಇದ್ದದ್ದು ಇದೊಂದೇ. ದಿನಾ ಬೆಳಿಗ್ಗೆ ತಂಬಿಗೆ ಬಗ್ಗುತ್ತಿತ್ತು. ಮಣ್ಣು ಒಣಗಲೇ ಇಲ್ಲ. ಎಲೆಗಳು ತುದಿಯಿಂದ ಹಳದಿಗೆ ತಿರುಗಿದವು.

ನನ್ನ ಮೈ ಉರಿಯುತ್ತಿತ್ತು. ಆದರೆ ಹೇಳುವುದು ಹೇಗೆ? "ಲಿಂಗದ ನೀರಿಗೆ ಗಿಡ ಸಾಯ್ತೈತೇನ?" ಎಂದು ಚೀಲ ಹಿಡಿದು ಊರ ಬಸ್ ಹತ್ತಿಬಿಡುವ ಹೆಂಗಸು ಅವರು. ಅಲ್ಲಿ ಒಲೆಯ ಹೊಗೆ, ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಹಾಕುವವರಿಲ್ಲ. ಹಲ್ಲು ಕಚ್ಚಿ ಸುಮ್ಮನಿದ್ದೆ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದೆ.

ಬರಬರುತ್ತ ಅತ್ತೆಯ ಮಾತೂ ನಿಂತಿತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಒಂದು ಕಣ್ಣು ಅಂಗೈಯಿಂದ ಮುಚ್ಚಿ ಆ ಮೂಲೆಯನ್ನೇ ನೋಡುತ್ತ ಕೂಡುತ್ತಿದ್ದರು. ಪಾತ್ರೆಯ ಸದ್ದು ಮುಟ್ಟಬೇಕಾದಲ್ಲಿ ಮುಟ್ಟಿದೆ ಎಂದುಕೊಂಡೆ.

ಕಣ್ಣು ತೋರಿಸುವ ದಿನ ಅವರು ಹಾಸಿಗೆ ಬಿಟ್ಟು ಏಳಲಿಲ್ಲ.

"ನಾ ದವಾಖಾನಿಗಿ ಬರಂಗಿಲ್ಲ."

"ಯಾಕ ಬರಂಗಿಲ್ರಿ? ನನ್ನ ಮ್ಯಾಲಿನ ಸಿಟ್ಟು ಕಣ್ಣಿನ ಮ್ಯಾಲ ಯಾಕ ತೀರಸ್ತೀರಿ?" ತಡೆದಿಟ್ಟ ಕೋಪವೆಲ್ಲ ಹೊರಬಿತ್ತು.

ಅವರು ಗೋಡೆಯ ಕಡೆ ಹೊರಳಿದರು. "ಸಿಟ್ಟಲ್ಲವ್ವಾ. ಕಣ್ಣು ಹೋಗಾಕತ್ತೈತಿ. ಪಟ್ಟಿ ಬಿಚ್ಚಿದಾಗ ಆ ಗಿಡ ಹಸರ ಕಾಣ್ತಿತ್ತು. ಈಗ ದಿನಾ ದಿನಾ ಹಳದಿ ಆಗಾಕತ್ತೈತಿ. ಅಕ್ಕಗೂ ಹಿಂಗ ಆಗಿರಬೇಕು. ನೀ ಆಸೆಪಟ್ಟು ಆಪರೇಶನ್ ಮಾಡ್ಸಿದಿ, ನಿನಗ ಹೆಂಗ ಹೇಳ್ಲಿ?"

ನಾನು ಎಲೆಗಳಿಗಾಗಿ ಕುದಿಯುತ್ತಿದ್ದಷ್ಟೂ ದಿನ, ಅದೇ ಎಲೆಗಳನ್ನು ನೋಡುತ್ತ ಈ ಜೀವ ಒಬ್ಬಂಟಿಯಾಗಿ ಕುರುಡಾಗುತ್ತಿತ್ತು.

ಮೂಲೆಗೆ ಓಡಿ ಕುಂಡವನ್ನೇ ಎತ್ತಿ ತಂದು ಅವರ ಮುಂದಿಟ್ಟೆ. "ಎಲಿ ಖರೆನ ಹಳದಿ ಆಗ್ಯಾವ್ರಿ ಅತ್ಯಾರ. ದಿನಾ ನೀರು ಹಾಕಿದ್ದಕ್ಕ ಕೊಳತಾವು. ನಿಮ್ಮ ಕಣ್ಣು ಬರೋಬ್ಬರಿ ಐತಿ."

ಅವರು ಎದ್ದು ಕುಳಿತರು. ನಂಬಿಕೆ ಬರಲಿಲ್ಲ. ಒಂದು ಎಲೆ ಹಿಡಿದರು, ಅದು ಬುಡದಿಂದ ಮೆತ್ತಗೆ ಕಿತ್ತುಬಂತು. ಮೂಸಿ ನೋಡಿದರು. ಮತ್ತೊಂದು ಎಲೆಯ ಮೇಲೆ ಬೆರಳಿಟ್ಟರು.

"ಇದು ಹಳದಿ?"

"ಹೌದ್ರಿ."

"ಇದೂ ಹಳದಿ?"

"ಅದೂ ಹಳದಿನ್ರಿ."

ಅವರ ಬೆರಳು ನಡುವಿನ ಒಂದು ಗಿಡ್ಡ ಎಲೆಯ ಮೇಲೆ ನಿಂತಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ತಡಿ, ನೀ ಹೇಳಬ್ಯಾಡ," ಎಂದರು. "ಇದು ಹಸರ ಐತಿ."