ಗೆಂಗ್ ಆಯಿಯ ಮೂರು ಬೇಡಗಳು

ಚೀನಾದ ಲುವೊಯಾಂಗ್‌ನ ಹಳೆಯ ಕಾರ್ಖಾನೆ ಕೇರಿಯಲ್ಲಿ, ಲಿಫ್ಟಿಲ್ಲದ ಆರು ಅಂತಸ್ತಿನ ಕಟ್ಟಡದ ತುತ್ತತುದಿಯ ಮನೆ ಗೆಂಗ್ ಸೂಛಿನ್‌ಳದು. ಕೆಳಗಿನಿಂದ ಎಣಿಸಿದರೆ ಎಂಬತ್ತು ಮೆಟ್ಟಿಲು. ವಯಸ್ಸು ಅರವತ್ತೇಳು. ಇಡೀ ಕಟ್ಟಡಕ್ಕೆ ಅವಳು ಗೆಂಗ್ ಆಯಿ, ಎಲ್ಲರ ಚಿಕ್ಕಮ್ಮ. ಗಂಡ ಪಾಂಗ್ ಮಾತ್ರ ಅವಳನ್ನು ಏನೆಂದೂ ಕರೆಯುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಬಾಯಿ ತೆರೆಯಲು ಸಂದರ್ಭ ಒದಗಿದ್ದೇ ಕಡಿಮೆ.

ಇಪ್ಪತ್ತೇಳು ವರ್ಷ ಅವಳು ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದಳು. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಸೂರಿನಡಿಯ ಗೂಡು ಸೇರಿದರೆ ಊಟದ ಗಂಟೆಯವರೆಗೆ ನೆಲ ಮುಟ್ಟುವಂತಿರಲಿಲ್ಲ. ಮಧ್ಯೆ ಇಳಿಯಬೇಕಾದೀತೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಯಂತ್ರಗಳ ಗದ್ದಲದ ಮೇಲೆ ಕೆಳಗಿನವರಿಗೆ ಕೂಗಿ ಕೂಗಿ ಗಂಟಲು ಎಷ್ಟು ಪಳಗಿತೆಂದರೆ, ಈಗಲೂ ಅವಳು ಗುಟ್ಟು ಹೇಳಿದರೆ ಎರಡು ಮಹಡಿ ಕೆಳಗೆ ಕೇಳುತ್ತದೆ. ನಿವೃತ್ತಿಯಾದ ಮೇಲೆ ಸೊಂಟಕ್ಕೆ ಕೆಂಪು ಡೋಲು ಕಟ್ಟಿಕೊಂಡು ಪಾರ್ಕಿನಲ್ಲಿ ಹೆಂಗಸರ ತಂಡ ಕಟ್ಟಿದಳು. ನಲವತ್ತು ಡೋಲುಗಳಲ್ಲಿ ಒಂದು ತುಸು ತಡವಾಗಿ ಬಿದ್ದರೂ ಅದು ಯಾರದೆಂದು ತಿರುಗಿ ನೋಡದೆಯೇ ಹೇಳುತ್ತಿದ್ದಳು.

ನೆಲಮಹಡಿಗೆ ಹಾಲೆಂಡಿನ ಗಂಡ ಹೆಂಡತಿ ಬಾಡಿಗೆಗೆ ಬಂದಾಗ ಅವರ ಉಸ್ತುವಾರಿಯನ್ನು ಆಯಿ ವಹಿಸಿಕೊಂಡಳು. ಯಾರೂ ವಹಿಸಿರಲಿಲ್ಲ, ಅದು ಬೇರೆ ಮಾತು. ಗಂಡ ಯೋಸ್ಟ್, ಪ್ರತಿ ಬಾಗಿಲಿಗೂ ತಲೆ ತಗ್ಗಿಸಲೇಬೇಕಾದಷ್ಟು ಉದ್ದ. ಹೆಂಡತಿ ಮರೀಕೆ, ಸದಾ ನಗುಮುಖ. ಇಬ್ಬರೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಚೀನೀ ಭಾಷೆಯನ್ನು ಪುಸ್ತಕದಲ್ಲಿದ್ದಂತೆಯೇ ಆಡುತ್ತಿದ್ದರು.

"ತಣ್ಣೀರು ಕುಡೀತೀಯಲ್ಲೇ ಹುಡುಗಿ, ಹೊಟ್ಟೆ ಕೆಡಿಸ್ಕೊಳ್ಳೋ ಆಸೇನಾ?" ಎಂದು ಮೊದಲ ವಾರವೇ ಆಯಿ ಬಿಸಿನೀರಿನ ಫ್ಲಾಸ್ಕ್ ತಂದಿಟ್ಟಳು. ನವೆಂಬರ್ ಬಂದಾಗ ಅಂಗಳದಲ್ಲಿ ನಾಲ್ಕು ಜನರೆದುರು ಯೋಸ್ಟ್‌ನ ಪ್ಯಾಂಟಿನ ಅಂಚು ಎತ್ತಿ ನೋಡಿದಳು. "ಒಳಗೆ ಏನೂ ಹಾಕಿಲ್ಲ! ನೋಡ್ರೇ, ಬರೀ ಕಾಲು! ನಿಮ್ಮಮ್ಮ ನೋಡಿದ್ರೆ ನನ್ನೇ ಬೈತಾಳೆ." ಸಂಜೆಯೊಳಗೆ ಉಣ್ಣೆಯ ಒಳಪೈಜಾಮ ಬಂತು. ಅದು ಯೋಸ್ಟ್‌ನ ಮೊಣಕಾಲಿಗೇ ಮುಗಿಯಿತು, ಆದರೂ ಅವನು ಹಾಕಿಕೊಂಡ.

ವಸಂತದ ಹಬ್ಬಕ್ಕೆ ಮರೀಕೆ ತನ್ನೂರಿನ ಚೀಸ್ ಹಿಡಿದು ಎಂಬತ್ತು ಮೆಟ್ಟಿಲು ಹತ್ತಿದಳು. ಕೆಂಪು ಮೇಣ ಸವರಿದ ದೊಡ್ಡ ಗುಂಡು.

"ಅಯ್ಯೋ, ಇದೆಲ್ಲ ಯಾಕೆ ತಂದೆ? ಬೇಡ ಬೇಡ, ನೀವೇ ತಿನ್ನಿ," ಎಂದಳು ಆಯಿ. ಕೈಗಳು ಆಗಲೇ ಅರ್ಧ ದಾರಿ ಮುಂದೆ ಬಂದಿದ್ದವು.

"ಸರಿ," ಎಂದು ನಕ್ಕು ಮರೀಕೆ ಚೀಸನ್ನು ಚೀಲಕ್ಕೆ ಹಾಕಿಕೊಂಡು ಇಳಿದುಹೋದಳು.

ಆಯಿ ಬಾಗಿಲಲ್ಲಿ ಹಾಗೇ ನಿಂತಳು. ಅವಳ ಮೊದಲನೆಯ ಬೇಡವನ್ನು ಹುಟ್ಟಿದಾಗಿನಿಂದ ಯಾರೂ ನಂಬಿರಲಿಲ್ಲ.

"ಅದು ಕೆಟ್ಟ ವಾಸನೆಯಂತೆ," ಎಂದು ಪಾಂಗ್ ಸಮಾಧಾನ ಮಾಡಿದ.

"ಮೂಸೋಕಾದ್ರೂ ಬಿಟ್ಲಾ ಅವಳು?"

ಮರುದಿನವೇ ಕೆಳಗಿಳಿದು ಇಬ್ಬರನ್ನೂ ಕೂರಿಸಿಕೊಂಡಳು. "ಕೊಟ್ಟ ತಕ್ಷಣ ಇಸ್ಕೊಂಡ್ರೆ ಆಸೆಬುರುಕರು ಅಂತಾರೆ. ಮೂರು ಸಲ ಬೇಡ ಅನ್ಬೇಕು. ಕೊಡೋರು ಮೂರು ಸಲಾನೂ ಬಿಡಬಾರದು, ಆಮೇಲೆ ಕೈಗೆ ತುರುಕಬೇಕು. ಆಗ 'ಇಷ್ಟು ಬಲವಂತ ಮಾಡ್ತೀರಲ್ಲ' ಅಂತ ಇಸ್ಕೋಬೇಕು. ತಿಳೀತಾ?" ಯೋಸ್ಟ್ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಹೋಗುವಾಗ ಚೀಸ್ ಆಯಿಯ ಕೈಸೇರಿತು, ಕ್ರಮಬದ್ಧವಾಗಿ. ಅದರ ಒಂದು ಚೂರು ಬಾಯಿಗಿಟ್ಟು ಉಗುಳಿದಳು, ಆದರೆ ಮೇಣದ ಗುಂಡು ಇಂದಿಗೂ ಕಪಾಟಿನಲ್ಲಿದೆ.

ಯೋಸ್ಟ್ ಬರೆದುಕೊಂಡದ್ದನ್ನು ಅಕ್ಷರಶಃ ಪಾಲಿಸುವ ಜಾತಿ. ವಿಳಾಸ ನೋಂದಾಯಿಸಲು ಪೊಲೀಸ್ ಠಾಣೆಗೆ ಹೋದಾಗ ಅಧಿಕಾರಿ ಕೂತುಕೊಳ್ಳಿ ಎಂದ, ಇವನು ಬೇಡ ಎಂದ. ಮತ್ತೊಮ್ಮೆ ಹೇಳಿದ, ಇವನು ಮತ್ತೆ ಬೇಡ ಎಂದ. ಮೂರನೆಯ ಸಲ ಅಧಿಕಾರಿ ಹೇಳಲೇ ಇಲ್ಲ. ಯೋಸ್ಟ್ ಒಂದೂವರೆ ಗಂಟೆ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದ. ಕಾಲೇಜಿನ ಔತಣದಲ್ಲಿ ಇಬ್ಬರೂ ಮೀನನ್ನು ಎರಡು ಸಲ ನಿರಾಕರಿಸಿ ಮೂರನೆಯ ಕರೆಗೆ ಕಾದು ಕುಳಿತರು. ಅಷ್ಟರಲ್ಲಿ ತಟ್ಟೆಯಲ್ಲಿ ಮುಳ್ಳು ಉಳಿದಿತ್ತು. ಈ ಕಥೆಗಳನ್ನು ಕೇಳಿ ಆಯಿ ಹೊಟ್ಟೆ ಹಿಡಿದು ನಕ್ಕಳು, ತನ್ನ ಪಾಠದ ಬಗ್ಗೆ ಒಂದಿಷ್ಟೂ ಅನುಮಾನ ಪಡಲಿಲ್ಲ.

ಎರಡನೆಯ ಚಳಿಗಾಲಕ್ಕೆ ಅವಳ ಮಂಡಿ ಕೈಕೊಟ್ಟಿತು. ಇಪ್ಪತ್ತೇಳು ವರ್ಷ ಏಣಿ ಹತ್ತಿದ ಮಂಡಿ. ಮೆಟ್ಟಿಲು ಬಿಟ್ಟುಬಿಡಿ ಎಂದರು ಡಾಕ್ಟರು. ಮೆಟ್ಟಿಲು ಬಿಟ್ಟರೆ ಉಳಿಯುವುದು ಒಂದೂವರೆ ಕೋಣೆ ಮತ್ತು ಪಾಂಗ್. ಲಿಫ್ಟ್ ಹಾಕಿಸುವ ಮಾತು ಆರು ವರ್ಷದಿಂದ ನಡೆದಿತ್ತು, ಮಾತಾಗಿಯೇ ನಡೆದಿತ್ತು. ಬೆಳಗಿನ ದನದ ಮಾಂಸದ ಸಾರನ್ನು ಪಾಂಗ್ ಅಂಗಡಿಯಿಂದ ಡಬ್ಬಿಯಲ್ಲಿ ತರುತ್ತಿದ್ದ. ಮೇಲೆ ತರುವಷ್ಟರಲ್ಲಿ ಕೊಬ್ಬು ಹೆಪ್ಪುಗಟ್ಟಿರುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಸಂಜೆ ಪಾರ್ಕಿನಿಂದ ಕೇಳಿಬರುವ ಡೋಲನ್ನು ಸಹಿಸುವುದು ಆಗುತ್ತಿರಲಿಲ್ಲ. "ಎಡಗಡೆ ಸಾಲು ತಾಳಕ್ಕಿಂತ ಮುಂದೆ ಓಡ್ತಿದೆ! ಹೇಳೋರು ಯಾರೂ ಇಲ್ವಾ?" ಎಂದು ಬಾಲ್ಕನಿಯಿಂದ ಕೂಗುತ್ತಿದ್ದಳು. ಅಷ್ಟು ದೂರ ಆ ಗಂಟಲೂ ಮುಟ್ಟುತ್ತಿರಲಿಲ್ಲ. ಆಮೇಲೆ ಚಳಿಗಾಲಕ್ಕೆಂದು ಪೇರಿಸಿಟ್ಟ ಎಲೆಕೋಸಿನ ಕಡೆ ಮುಖಮಾಡಿ ಅಳುತ್ತಿದ್ದಳು, ಪಾಂಗ್‌ಗೆ ಕಾಣದಂತೆ. ಪಾಂಗ್ ಕಾಣದವನಂತೆ ಇರುತ್ತಿದ್ದ.

ಒಂದು ಭಾನುವಾರ ಯೋಸ್ಟ್ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. "ಆಯಿ, ನಾನು ನಿಮ್ಮನ್ನು ಬೆನ್ನ ಮೇಲೆ ಹೊತ್ತು ಪಾರ್ಕಿಗೆ ಕರೆದೊಯ್ಯುತ್ತೇನೆ."

"ಬೇಡಪ್ಪಾ."

ಯೋಸ್ಟ್ ಒಂದು ಬೆರಳು ಮಡಿಸಿ ಮತ್ತೆ ಕೇಳಿದ.

"ಹುಚ್ಚು ಹಿಡಿದಿದ್ಯಾ? ಬೇಡ ಅಂದೆ."

ಎರಡನೆಯ ಬೆರಳು. ಮತ್ತೆ ಕೇಳಿದ.

"ಬೇಡ, ಬೇಡ, ಬೇಡ!"

ಇದನ್ನು ಅವನು ಒಂದೇ ಎಂದು ಎಣಿಸಿದ, ಪ್ರಾಮಾಣಿಕ ಮನುಷ್ಯ. ಮೂರಾಯಿತು. ಬಗ್ಗಿ ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿದೇ ಇಳಿದ. ಅವಳ ಕೈಯಲ್ಲಿ ಹಿಟ್ಟು, ಕಾಲಲ್ಲಿ ಮನೆಯ ಚಪ್ಪಲಿ, ತಲೆ ಬಾಚಿರಲಿಲ್ಲ. ಆಯಿ ಅವನ ಬೆನ್ನಿಗೆ ಡೋಲು ಬಡಿದಂತೆ ಬಡಿದಳು. "ಆಯಿ, ಮದುವೆ ದಿಬ್ಬಣ ಯಾವ ಕಡೆಗೆ?" ಎಂದು ಮೂರನೆಯ ಮಹಡಿಯಿಂದ ಯಾರೋ ಕೇಳಿದರು. ಪಾರ್ಕಿನಲ್ಲಿ ನಲವತ್ತು ಹೆಂಗಸರು ಬಡಿಯುವುದನ್ನು ನಿಲ್ಲಿಸಿ, ತಮ್ಮ ನಾಯಕಿ ಕೂಲಿಯ ಬೆನ್ನ ಮೇಲಿನ ಮೂಟೆಯಂತೆ ಬಂದಿಳಿದುದನ್ನು ನೋಡಿದರು.

ಅವಮಾನದಿಂದ ಅವಳ ಕಿವಿ ಕೆಂಪಾಯಿತು. "ನನ್ನ ಹತ್ರ ಇನ್ಮೇಲೆ ಬೇಡ ಅಂದ್ರೆ ಬೇಡ! ಒಂದೇ ಸಲಕ್ಕೆ! ಬರ್ಕೊ!"

ಯೋಸ್ಟ್ ಅಲ್ಲೇ ನಿಂತು ಬರೆದುಕೊಂಡ, ಕೆಳಗೆ ಗೆರೆಯನ್ನೂ ಎಳೆದ.

ಆಮೇಲೆ ಎರಡು ತಿಂಗಳು ಅವಳು ಹೊಸ್ತಿಲು ದಾಟಲಿಲ್ಲ. ಕಿಟಕಿಯಾಚೆ ಮರಗಳು ಚಿಗುರಿದವು. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಮರೀಕೆಯ ಕೈಯಲ್ಲಿ ಕೆಂಪು ದಾರ ಕಟ್ಟಿದ ಕೀಲಿಕೈ ಇತ್ತು.

"ಆಯಿ, ನಾವು ಮೇಲೆ ವಾಸಿಸುತ್ತೇವೆ. ನೀವು ಕೆಳಗೆ ವಾಸಿಸಿ. ನಮ್ಮ ಮನೆಯ ಮಾಲೀಕರು ಒಪ್ಪಿದ್ದಾರೆ. ನಮ್ಮ ಕಾಲುಗಳು ಚೆನ್ನಾಗಿವೆ," ಎಂದಳು, ಮನೆಯಲ್ಲಿ ಅಭ್ಯಾಸ ಮಾಡಿ ಬಂದವಳಂತೆ.

ಆ ಒಂದು ಕ್ಷಣದಲ್ಲಿ ಆಯಿ ಕೆಳಗಿನ ಮನೆಯಲ್ಲಿ ಮಂಚ ಹಾಕಿಸಿದಳು, ಬಾಗಿಲ ಪಕ್ಕದ ಮೊಳೆಗೆ ಡೋಲು ತೂಗುಹಾಕಿದಳು, ಬಿಸಿ ಬಿಸಿ ಸಾರು ಕುಡಿಯಲು ಅಂಗಡಿಗೇ ನಡೆದಳು. ಎಡಗಡೆ ಸಾಲಿಗೆ ಬೈದದ್ದೂ ಆಯಿತು. ಆದರೆ ಬಾಯಿಗೆ ಅರವತ್ತೇಳು ವರ್ಷದ ರೂಢಿ.

"ಅಯ್ಯೋ, ಬೇಡ ಬೇಡ. ನಿಮಗ್ಯಾಕೆ ತೊಂದರೆ?"

ಮರೀಕೆ ಗಂಡನ ಮುಖ ನೋಡಿದಳು. ಯೋಸ್ಟ್‌ಗೆ ಗೆರೆ ಎಳೆದ ಪುಟ ನೆನಪಾಯಿತು. "ಸರಿ, ಆಯಿ," ಎಂದ ಬಹಳ ಬೇಸರದಿಂದ. ಇಬ್ಬರೂ ಹೊರಟರು. ಬಾಗಿಲು ಮುಚ್ಚಿತು.

"ಹೋದ್ರು," ಎಂದ ಪಾಂಗ್.

"ಗೊತ್ತು."

"ಅವನು ಬರ್ಕೊಂಡಿದ್ದಾನೆ. ಇನ್ನೊಂದ್ಸಲ ಕೇಳಲ್ಲ."

"ಗೊತ್ತು ಅಂದೆನಲ್ಲ!"

ಹೆಜ್ಜೆಯ ಸದ್ದು ಇಳಿಯುತ್ತಿತ್ತು. ಹದಿನಾರು ಮೆಟ್ಟಿಲು, ತಿರುವು, ಮತ್ತೆ ಹದಿನಾರು. ಆಯಿಗೆ ಹೆದರಿಕೆಯಾಯಿತು. ಇನ್ನು ಮೂರು ತಿರುವು ದಾಟಿದರೆ ಆ ಕೀಲಿಕೈ ತನ್ನ ಪಾಲಿಗೆ ಮುಗಿಯಿತು, ತಾನು ಸಾಯುವವರೆಗೆ ಈ ಬಾಲ್ಕನಿಯೇ ಗತಿ. ಮಂಡಿಯನ್ನು ಎಳೆದುಕೊಂಡು ಹೊರಗೆ ಬಂದು ಮೆಟ್ಟಿಲ ಕಂಬಿ ಹಿಡಿದು ಬಗ್ಗಿದಳು. ಕ್ರೇನಿನ ಗೂಡಿನಿಂದ ಕೂಗುತ್ತಿದ್ದ ಗಂಟಲು ಪೂರಾ ತೆರೆಯಿತು.

"ಏಯ್ ಯೋಸ್ಟ್! ಅದು ಮೊದಲನೇದು ಅಷ್ಟೇ ಕಣೋ! ಇನ್ನೂ ಎರಡು ಬಾಕಿ ಇದೆ! ಮೇಲೆ ಬಾ!"

ಆರು ಅಂತಸ್ತಿನ ಬಾಗಿಲುಗಳೂ ಒಂದೊಂದಾಗಿ ತೆರೆದವು. ಇಬ್ಬರೂ ಏದುಸಿರು ಬಿಡುತ್ತ ಮೇಲೆ ಬಂದರು. ಯೋಸ್ಟ್ ಪುಸ್ತಕ ತೆರೆದು ತೋರಿಸಿದ. "ಆದರೆ ಆಯಿ, ನೀವೇ ಹೇಳಿದ್ದಿರಿ..."

"ಅದನ್ನ ಹೊಡೆದುಹಾಕು. ಕೇಳು."

"ನಾವು ಮನೆ ಬದಲಾಯಿಸೋಣವೇ?"

"ಛೆ ಛೆ, ಬೇಡ," ಎಂದಳು ಗೋಡೆ ನೋಡುತ್ತ. "ನಿಲ್ಲಿಸ್ಬೇಡ, ಕೇಳು."

"ನಾವು ಮನೆ ಬದಲಾಯಿಸೋಣವೇ?"

ಈ ಸಲ ಅವಳಿಗೆ ಆ ಮಾತು ಹೊರಡಲಿಲ್ಲ. ಕಣ್ಣು ತುಂಬಿತು. ಎಲ್ಲರೂ ಕಾದರು. ಆಗ ಪಾಂಗ್ ಚಹಾದ ಲೋಟ ಕೆಳಗಿಟ್ಟು ಎದ್ದು ಬಂದ.

"ಬೇಡ ಅಂತಾಳೆ," ಎಂದ ಅವಳ ಪರವಾಗಿ. "ಮೂರಾಯ್ತು. ಇನ್ನು ತುರುಕಮ್ಮ ಕೈಗೆ."

ಮರೀಕೆ ಕೀಲಿಕೈಯನ್ನು ಅವಳ ಅಂಗೈಗೆ ಒತ್ತಿದಳು.

"ಇಷ್ಟು ಬಲವಂತ ಮಾಡ್ತೀರಲ್ಲ," ಎಂದು ಆಯಿ ಮುಷ್ಟಿ ಬಿಗಿದಳು.

ಈಗ ಅವಳು ಕೆಳಗಿದ್ದಾಳೆ. ಡೋಲು ಬಾಗಿಲ ಪಕ್ಕದಲ್ಲಿದೆ. ಪಾರ್ಕಿನಲ್ಲಿ ಕುರ್ಚಿ ಹಾಕಿಕೊಂಡು ಕೂತೇ ತಂಡ ನಡೆಸುತ್ತಾಳೆ, ಎಡಗಡೆ ಸಾಲು ದಾರಿಗೆ ಬಂದಿದೆ. ಬಿಸಿನೀರು ಕುಡಿದಿರಾ ಎಂದು ಬೆಳಿಗ್ಗೆ ಅಂಗಳದಿಂದಲೇ ತುತ್ತತುದಿಗೆ ಕೂಗುತ್ತಾಳೆ. ಯಾರಾದರೂ ಮನೆ ಬದಲಾದ ಸಂಗತಿ ಎತ್ತಿದರೆ ಕೈ ಝಾಡಿಸುತ್ತಾಳೆ. "ನಾನು ಬೇಡ ಬೇಡ ಅಂದೆ ಕಣ್ರೇ. ಕೇಳ್ಬೇಕಲ್ಲ ಅವರು? ಒಂದೇ ಹಟ."

"ಹೌದು ಆಯಿ," ಎನ್ನುತ್ತಾರೆ ಕಟ್ಟಡದವರು, ಒಬ್ಬರೂ ನಗದೆ. "ನೀವು ಬೇಡ ಅಂದಿದ್ದು ನಮಗೂ ಕೇಳಿಸ್ತು."