ಮೇಲಿನ ಗೋಡೆ ಅಜ್ಜಿಗೆ

ಗೋಥೆನ್‌ಬರ್ಗ್‌ನಲ್ಲಿ ಬಾಡಿಗೆ ಮನೆ ಸಿಗಬೇಕೆಂದರೆ ಪುಣ್ಯ ಮಾಡಿರಬೇಕು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ಹಾಗಿರುವಾಗ ನಮ್ಮ ಕಟ್ಟಡದ ಹಿಲ್ಯಾ ಅಜ್ಜಿಯ ಮೊಮ್ಮಗಳು ರೆಬೆಕಾ, ಅದೇ ಕಟ್ಟಡದಲ್ಲಿ ಕೈಗೆ ಬಂದ ಮನೆಯನ್ನು ಬೇಡವೆಂದಳು. ಕಾರಣ ಕೇಳಿ ದಂಗಾದೆ. ಆ ಮನೆ ಅಜ್ಜಿಯ ಮನೆಯ ಮೇಲಿನ ಮಹಡಿಯಲ್ಲಿತ್ತು.

"ಅಜ್ಜಿಯ ತಲೆ ಮೇಲೆ ನಾನು ಓಡಾಡೋದಾ?" ಎಂದಳು, ನಾನೇ ಏನೋ ಅಸಭ್ಯವಾದದ್ದು ಕೇಳಿದೆನೆಂಬಂತೆ.

ಅವರು ತಲೆಮಾರುಗಳಿಂದ ದೇಶ ದೇಶ ಅಲೆದ ರೋಮಾ ಜನ, ಫಿನ್‌ಲ್ಯಾಂಡಿನಿಂದ ಬಂದ ಕುಟುಂಬ. ನಾನು ದಾವಣಗೆರೆಯವಳು. ಬೆಂಗಳೂರಿನವರಾದ ನನ್ನ ಗಂಡ ಸುರೇಶ್‌ಗೆ ಇದೇ ಊರಿನ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಕೆಲಸ. ನಮ್ಮೂರಲ್ಲಿ ಒಗ್ಗರಣೆ ಚಟಪಟ ಎಂದರೆ ಸಾಕು, ಪಕ್ಕದ ಮನೆಯವರು ಸಾರು ಯಾವುದೆಂದು ಹೇಳುತ್ತಾರೆ. ಇಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿಸಿದರೆ, ಆ ಮನುಷ್ಯ ಇಳಿದು ಹೋಗುವ ತನಕ ಬಾಗಿಲು ತೆರೆಯದೆ ಒಳಗೇ ಕಾಯುತ್ತಾರೆ. ಮೊದಲ ವರ್ಷ ಮಾತಿಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ. ತಾವಾಗಿ ನನ್ನನ್ನು ಮಾತಾಡಿಸಿದವರು ಹಿಲ್ಯಾ ಅಜ್ಜಿ ಒಬ್ಬರೇ. ಅದೂ 'ತ್ವೆಟ್‌ಸ್ತೂಗಾ'ದಲ್ಲಿ, ಅಂದರೆ ಇಡೀ ಕಟ್ಟಡಕ್ಕೆ ಇರುವ ಬಟ್ಟೆ ಒಗೆಯುವ ಕೋಣೆಯಲ್ಲಿ. ನೆಲ ಮುಟ್ಟುವ ಕಪ್ಪು ಮಖಮಲ್ಲಿನ ಭಾರದ ಲಂಗ ಉಟ್ಟಿದ್ದ ಆಕೆ, ಒಣಹಾಕಿದ್ದ ನನ್ನ ಇಳಕಲ್ ಸೀರೆಯ ಸೆರಗು ಹಿಡಿದು ನೋಡಿದರು.

"ಎಲ್ಲಿಂದ ಬಂದೆ?"

"ಇಂಡಿಯಾದಿಂದ."

"ನಮ್ಮ ಹಿರೀಕರೂ ಸಾವಿರ ವರ್ಷದ ಹಿಂದೆ ಅಲ್ಲಿಂದಲೇ ಹೊರಟಿದ್ದಂತೆ. ನೀನು ಬಹಳ ತಡವಾಗಿ ಬಂದೆ ಬಿಡು."

ದಾವಣಗೆರೆಯಲ್ಲಿ ನಮ್ಮ ಅಪ್ಪಾಜಿಯದು ಫೋಟೊ ಸ್ಟುಡಿಯೊ. ಮೊದಲು ಬಾಚಣಿಗೆ, ಪೌಡರ್, ಕನ್ನಡಿ, ಆಮೇಲೆ ಕ್ಯಾಮೆರಾ. ನಾನು ಕಲಿತ ಕ್ರಮ ಅದು. ನಿಮ್ಮ ಮನೆಯವರ ಬದುಕನ್ನು ಫೋಟೊ ತೆಗೆಯಲೇ ಎಂದು ಕೇಳಿದಾಗ ಅಜ್ಜಿ ಮುಖ ಬಿಗಿದುಕೊಂಡರು. "ಮೊದಲೆಲ್ಲ ನಮ್ಮ ಫೋಟೊ ತೆಗೀತಿದ್ದವರು ಪೊಲೀಸರು. ನನ್ನ ಮುಖ ಗೋಡೆಗೆ ಹಾಕೋದಾದರೆ ಮರ್ಯಾದೆಯಿಂದ ಹಾಕು. ಇಲ್ಲದಿದ್ದರೆ ನಾನೇ ಬಂದು ಇಳಿಸ್ತೀನಿ. ಆಮೇಲೆ ನಮ್ಮ ಮನೆ ಬಾಗಿಲಿಗೆ ಬರಬೇಡ."

ಎರಡು ಚಳಿಗಾಲ ಫೋಟೊ ತೆಗೆದೆ. ಕಾಫಿ ಕಾಯಿಸುವಾಗ, ಲೇಸಿನ ರವಿಕೆಗೆ ಇಸ್ತ್ರಿ ಹಾಕುವಾಗ, ಎಲ್ಲರೂ ಸೇರಿ ಹಾಡುವಾಗ. ಪ್ರತಿ ಸಲವೂ ಕನ್ನಡಿ ಕೊಟ್ಟ ಮೇಲೆಯೇ ಕ್ಯಾಮೆರಾ ಎತ್ತಿದೆ. ಅಪ್ಪಾಜಿ ನೋಡಿದ್ದರೆ ಭೇಷ್ ಎನ್ನುತ್ತಿದ್ದರು.

ಬಡಾವಣೆಯ ಗ್ರಂಥಾಲಯದವರು ಪ್ರದರ್ಶನಕ್ಕೆ ಜಾಗ ಕೊಟ್ಟರು. ಹಿಂದಿನ ದಿನ ನೋಡಲು ಹೋದೆ. ಅಜ್ಜಿಯ ದೊಡ್ಡ ಫೋಟೊ ಕೆಳಗೆ, ಬಾಗಿಲೆದುರಿಗೆ. ಮೇಲಿನ ಮಹಡಿಯಲ್ಲಿ, ಸರಿಯಾಗಿ ಅಜ್ಜಿಯ ನೆತ್ತಿಗೆ, ನಗುತ್ತಿರುವ ರೆಬೆಕಾ.

"ಬಾಗಿಲೆದುರೇ ಅಲ್ವಾ ಗೌರವದ ಜಾಗ? ಮೇಲಕ್ಕೆ ಅರ್ಧ ಜನ ಹತ್ತೋದೇ ಇಲ್ಲ," ಎಂದಳು ಫೋಟೊಗಳನ್ನು ಜೋಡಿಸಿದ್ದ ಗ್ರಂಥಾಲಯದ ಆನ್ನಾ. ಬದಲಾಯಿಸಬೇಕಾದರೆ ಎಲ್ಲರೂ ಕೂತು ಮಾತಾಡಬೇಕಂತೆ. ಇಲ್ಲಿ 'ಫೀಕಾ'ಗೆ, ಅಂದರೆ ಕಾಫಿ ಬಿಡುವಿಗೆ, ಕೂತು ಎಲ್ಲರೂ ತಲೆದೂಗದೆ ಒಂದು ಮೊಳೆಯೂ ಅಲುಗುವುದಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಎಲ್ಲದಕ್ಕೂ ಹೂಂ ಹೂಂ ಎಂದುಕೊಂಡೇ ಬಂದವಳು ನಾನು. ಅಂದು 'ನೇಯ್' ಎಂದೆ. ಆಗುವುದಿಲ್ಲ ಎಂದು.

"ಅಜ್ಜಿಯ ತಲೆ ಮೇಲೆ ಅಂತ ಈ ಹುಡುಗಿ ಸಿಕ್ಕ ಮನೆಯನ್ನೇ ಬಿಟ್ಟಳು. ಅವಳ ಫೋಟೊನ ಅಲ್ಲೇ ಹಾಕೋದಾ?"

ಆನ್ನಾ ಹೋಗಿ ಏಣಿ ತಂದಳು. ನಾನೇ ಹತ್ತಿ ಎರಡನ್ನೂ ಅದಲುಬದಲು ಮಾಡಿದೆ.

ಮರುದಿನ ಅಜ್ಜಿ ಬಂದು ಬಾಗಿಲಲ್ಲೇ ನಿಂತರು. ಗೋಡೆಗಳ ಮೇಲೆಲ್ಲ ಕಣ್ಣಾಡಿಸಿದರು. ತಮ್ಮ ಮುಖ ಎಲ್ಲೂ ಕಾಣದೆ ಹುಬ್ಬು ಗಂಟಿಕ್ಕಿದರು.

"ಮುಗೀತು ಕಣೆ, ವಾಪಸ್ ಹೋಗ್ತಾರೆ," ಎಂದರು ಸುರೇಶ್ ನನ್ನ ಕಿವಿಯಲ್ಲಿ.

ನಾನು ಮೆಟ್ಟಿಲ ಕಡೆ ಕೈ ತೋರಿಸಿದೆ. ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಂಡಿಯನ್ನು ಬೈಯುತ್ತ ಅಜ್ಜಿ ಹತ್ತಿದರು. ಮೇಲೆ ಇಡೀ ಗೋಡೆಗೆ ಅವರೊಬ್ಬರೇ. ಬಹಳ ಹೊತ್ತು ನೋಡಿದರು.

"ಯಾರು ಹೇಳಿಕೊಟ್ಟರು?"

"ನಿಮ್ಮ ರೆಬೆಕಾನೇ. ಅಲ್ಲದೆ ನಮ್ಮಲ್ಲೂ ಹಿರಿಯರು ಕೆಳಗೆ ಕೂತಿದ್ದರೆ ನಾವು ಮಂಚದ ಮೇಲೆ ಕೂರೋದಿಲ್ಲ."

ಅಜ್ಜಿ ಮೇಲಿನ ಮೆಟ್ಟಿಲ ಮೇಲೆ ಕೂತರು. ರೆಬೆಕಾಳನ್ನು ಕರೆದು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡರು. ಒಳ್ಳೆಯ ಫೋಟೊ ಎಂದು ನಾನು ಕ್ಯಾಮೆರಾ ಎತ್ತಿದೆ.

"ಅದನ್ನ ಗಂಡನ ಕೈಗೆ ಕೊಡು," ಎಂದು ರೆಬೆಕಾಳ ಪಕ್ಕದ ಜಾಗಕ್ಕೆ ಬೆರಳು ತೋರಿಸಿದರು. "ನೀನು ಅಲ್ಲಿ ಕೂರು."

ಕೂತೆ. ಅಳು ಬಂದುಬಿಟ್ಟಿತು. ಈ ದೇಶದ ಸರಕಾರ ನನಗೆ 'ಪರ್ಸೂನ್‌ನುಮ್ಮರ್' ಎಂಬ ಗುರುತಿನ ಸಂಖ್ಯೆ ಕೊಟ್ಟ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಆ ಫೋಟೊವನ್ನು ಅಪ್ಪಾಜಿ ದೊಡ್ಡದು ಮಾಡಿಸಿ ಸ್ಟುಡಿಯೊದಲ್ಲಿ ಹಾಕಿದ್ದಾರೆ. ಮೊನ್ನೆ ಫೋನಿನಲ್ಲಿ, "ಬಂದವರೆಲ್ಲ ಇವರು ಯಾರ ಮನೆಯವರು ಅಂತ ಕೇಳ್ತಾರಮ್ಮ. ಏನು ಹೇಳಲಿ?" ಎಂದರು.

"ನಮ್ಮವರೇ ಅನ್ನಿ, ಅಪ್ಪಾಜಿ."

"ಹಂಗಾದರೆ ನೀನು ಯಾರ ಮನೆಯವಳು?" ಎಂದು ಛೇಡಿಸಿದರು.

ನಕ್ಕುಬಿಟ್ಟೆ. ದಾವಣಗೆರೆಯ ಆ ಗೋಡೆಯ ಮೇಲೆ ನಾನಿದ್ದೇನೆ, ಹಿಲ್ಯಾ ಅಜ್ಜಿಯ ಕಾಲ ಬಳಿ, ಮೊಮ್ಮಗಳ ಪಕ್ಕದಲ್ಲಿ.